ಎಂಟಡಿಯ ಸಾಲು

ನಮ್ಮೂರಲ್ಲಿ ಮುರಿದ ಮೂಳೆ ಕೂಡುವುದಿಲ್ಲ. ಕೈಯಾಗಲಿ ಕಾಲಾಗಲಿ ಮುರಿದರೆ ಗಾಡಿ ಕಟ್ಟಿಸಿಕೊಂಡು ಹೊಳೆ ದಾಟಿ ಮೂಳೆಮನೆಗೆ ಹೋಗಬೇಕು, ಮೂರು ತಿಂಗಳು ಅಲ್ಲಿ ಮಲಗಿ ಬರಬೇಕು. ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ನನ್ನೊಬ್ಬನನ್ನು ಬಿಟ್ಟು. ದಿನಕ್ಕೆ ಮೂರು ಸಲ, ಹಾಲು ಕರೆದ ಮೇಲೊಮ್ಮೆ, ನಡುಮಧ್ಯಾಹ್ನ ಒಮ್ಮೆ, ದೀಪ ಹಚ್ಚುವ ಮುಂಚೆ ಒಮ್ಮೆ, ಮೂಡಲ ಗುಡ್ಡದ ಕಡೆಯಿಂದ ನೆಲದೊಳಗೆ ನಡುಕ ಹೊರಟು ಊರನ್ನು ಹಾದು ಪಡುವಲಿಗೆ ಹೋಗುತ್ತದೆ. ಹೊಳೆಯಾಚೆಗೆ ಮಾತ್ರ ಅದು ಮುಟ್ಟುವುದಿಲ್ಲ. ಎಲೆಯಡಿಕೆ ಅಗಿದು ಉಗುಳುವಷ್ಟು ಹೊತ್ತು ಇರುತ್ತದೆ. ಅದಕ್ಕೆ ಹೆಸರಿಲ್ಲ. ‘ಬಂತು’ ಅನ್ನುತ್ತಾರೆ, ‘ಹೋಯ್ತು’ ಅನ್ನುತ್ತಾರೆ, ಅಷ್ಟೆ. ಕ್ಷೌರದವನು ಕತ್ತಿ ಎತ್ತಿ ಹಿಡಿಯುತ್ತಾನೆ. ಊಟಕ್ಕೆ ಕೂತವರು ಸಾರಿನ ಬಟ್ಟಲನ್ನು ನೆಲದಿಂದೆತ್ತಿ ಅಂಗೈ ಮೇಲೆ ಇಟ್ಟುಕೊಳ್ಳುತ್ತಾರೆ. ಎಮ್ಮೆಗಳು ಕಾಲಗಲಿಸಿ ನಿಲ್ಲುತ್ತವೆ. ಮಾತಾಡುತ್ತಿದ್ದವರು ಮಾತು ನಿಲ್ಲಿಸುವುದಿಲ್ಲ, ದನಿ ಮಾತ್ರ ಕೊರಕಲು ದಾರಿಯ ಗಾಡಿಯಲ್ಲಿ ಕೂತವರ ದನಿಯಂತಾಗುತ್ತದೆ. ಗೋಡೆಯ ಪಟಗಳಿಗೆ ಎರಡೆರಡು ಮೊಳೆ. ಹೆಪ್ಪು ಹಾಕಿದ ಹಾಲು ಗಟ್ಟಿ ಮೊಸರಾಗುವುದಿಲ್ಲ, ಹಾಗಾಗಿ ಮದುವೆಮನೆಯಲ್ಲಿ ಮೊಸರನ್ನ ಬಡಿಸುವವರೂ ಇಲ್ಲ, ಕೇಳುವವರೂ ಇಲ್ಲ.

ಇನ್ನೊಂದು ಕಟ್ಟಳೆ ಇದೆ. ಊರಲ್ಲಿ ಯಾವುದನ್ನೂ ಸಮ ಅಂತರದಲ್ಲಿ ನೆಡಬಾರದು. ಮನೆಯ ಕಂಬ, ಬೇಲಿಯ ಕಲ್ಲು, ತೆಂಗಿನ ಸಸಿ, ಎಲ್ಲವೂ ಹೆಚ್ಚುಕಡಿಮೆ ಇರಬೇಕು. ಸಮ ಹಾಕಿದರೆ ಅದು ಮೆಟ್ಟಿಲು ಹತ್ತಿದ ಹಾಗೆ ಒಂದೊಂದೇ ಹೆಜ್ಜೆಯಿಟ್ಟು ಮನೆಯೊಳಗೆ ಬರುತ್ತದಂತೆ. ಈ ಕಟ್ಟಳೆ ಕಾಯುವವನು ಜಡಿಯಪ್ಪಜ್ಜ. ಅವನ ಹತ್ತಿರ ಮುತ್ತಾತನ ಕಾಲದ ಒಂದು ಗಂಟುಹಗ್ಗ ಇದೆ. ಮೂರಡಿಗೊಂದು ಗಂಟು, ಆಮೇಲೆ ಐದಕ್ಕೆ, ಆಮೇಲೆ ಎಂಟಕ್ಕೆ, ಆಮೇಲೆ ಎರಡಕ್ಕೆ. ಯಾರು ಏನು ನೆಡುವುದಿದ್ದರೂ ಆ ಹಗ್ಗ ಎಳೆದು ಗಂಟು ಬಿದ್ದ ಕಡೆ ಗುಂಡಿ ತೋಡಬೇಕು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಬೆಂಚುಗಳನ್ನು ಯಾಕೆ ಹೀಗೆ ಅಡ್ಡಾದಿಡ್ಡಿ ಹಾಕಿದ್ದೀರಿ ಎಂದು ಮೇಷ್ಟ್ರನ್ನು ಕೇಳಿದೆ. ಕೆನ್ನೆಗೆ ಕೊಟ್ಟರು. ಪುಸ್ತಕದ ಚೀಲವನ್ನು ಅವರ ಮೇಜಿನ ಮೇಲೇ ಇಟ್ಟು ಮನೆಗೆ ಬಂದವನು ಮತ್ತೆ ಆ ಕಡೆ ಹೋಗಲಿಲ್ಲ. ಅವತ್ತಿನಿಂದ ಹಾರೆ ಹಿಡಿದಿದ್ದೇನೆ. ಕಲ್ಲುಕಂಬ ನೆಡುವುದು ನನ್ನ ಕೆಲಸ. ಗುಂಡಿ ತೋಡುವಾಗ ಯಾರ ಮೇಲೆ ಸಿಟ್ಟಿದೆಯೋ ಅವರನ್ನು ನೆನೆದುಕೊಂಡರೆ ಕೆಲಸ ಬೇಗ ಸಾಗುತ್ತದೆ. ನನಗೆ ಇಲ್ಲಿಯವರೆಗೆ ಜನ ಕಡಿಮೆ ಬಿದ್ದಿಲ್ಲ.

ಅಮ್ಮ ಬಿದ್ದದ್ದು ಮಧ್ಯಾಹ್ನದ್ದರಲ್ಲಿ. ಅಟ್ಟದ ಮೇಲಿನ ಹುಣಸೆಹಣ್ಣಿನ ಕುಡಿಕೆ ತೆಗೆಯಲು ಏಣಿ ಹತ್ತಿದವಳು ಹೊತ್ತು ಮರೆತಿದ್ದಳು. ನಾನು ಬಂದಾಗ ಹಜಾರದಲ್ಲಿ ಕೂತು, ಮೊಣಕಾಲ ಕೆಳಗೆ ಸೊಟ್ಟಗಾಗಿದ್ದ ತನ್ನ ಕಾಲನ್ನು ಬೇರೆ ಯಾರದೋ ಕಾಲೆಂಬಂತೆ ನೋಡುತ್ತಿದ್ದಳು. ಮೂಳೆ ಕಟ್ಟುವ ಮೌಲಾಸಾಬರು ಬಂದು ಎಳೆದು ಕೂರಿಸಿ, ಬಿದಿರಿನ ದಬ್ಬೆ ಇಟ್ಟು ಬಟ್ಟೆ ಸುತ್ತಿದರು.

‘ಕಟ್ಟು ಚೆನ್ನಾಗಿ ಕೂತೈತೆ ದುರುಗಕ್ಕ. ಆದ್ರೆ ಇಲ್ಲಿ ಕೂಡಲ್ಲ, ನಿಂಗೂ ಗೊತ್ತು. ಒಂಬತ್ತನೇ ದಿನಕ್ಕೆ ಮೂಳೆ ಅಂಟೋಕೆ ಶುರು ಮಾಡ್ತೈತೆ. ಅಷ್ಟರೊಳಗೆ ಹೊಳೆ ದಾಟಿಬಿಡು. ಅಂಟೋ ಹೊತ್ತಲ್ಲಿ ದಿನಾ ಮೂರು ಸಲ ಅಲ್ಲಾಡಿದ್ರೆ ಜನ್ಮವೆಲ್ಲ ಕುಂಟ್ತಾ ಇರಬೇಕಾಯ್ತದೆ.’

‘ಕುಂಟಿದ್ರೆ ಕುಂಟ್ತೀನಿ ಸಾಬ್ರೇ. ಆ ಮನೆ ಹೊಸಿಲು ನಾನು ತುಳಿಯಲ್ಲ’ ಅಂದಳು ಅಮ್ಮ.

ಮೌಲಾಸಾಬರು ಮಿಕ್ಕ ದಬ್ಬೆಗಳನ್ನು ಚೀಲಕ್ಕೆ ತುಂಬಿಕೊಂಡರು. ಊರಿಗೆಲ್ಲ ಗೊತ್ತಿರುವ ಸಂಗತಿ. ಆರು ವರ್ಷದ ಹಿಂದೆ ಅಪ್ಪ ಪಕ್ಕೆಲುಬು ಮುರಿದುಕೊಂಡು ಮೂಳೆಮನೆಗೆ ಹೋದ. ಮೂರು ತಿಂಗಳು ಕಳೆದ ಮೇಲೆ ಕರೆತರಲು ಹೋದ ಗಾಡಿ ಬರಿದಾಗಿ ವಾಪಸ್ಸು ಬಂತು. ಅಲ್ಲಿ ಅಡುಗೆ ಮಾಡುತ್ತಿದ್ದ ಹೆಂಗಸಿನ ಜೊತೆ ಅವನು ಅಲ್ಲೇ ಉಳಿದುಕೊಂಡಿದ್ದ. ಈಗ ಆ ಮನೆಯನ್ನು ನಡೆಸುವವರು ಅವರಿಬ್ಬರೇ. ನಮ್ಮೂರಿನ ಜನ ಕೈಕಾಲು ಮುರಿದುಕೊಂಡು ಹೋಗಿ, ಅವನ ಕೈಯ ಗಂಜಿ ಕುಡಿದು ಬಂದು, ಬಲು ಒಳ್ಳೆ ಮನುಷ್ಯ ಕಣೋ ನಿಮ್ಮಪ್ಪ ಎಂದು ನನಗೆ ಹೇಳುತ್ತಾರೆ. ಆ ವರ್ಷಗಳಲ್ಲಿ ನಾನು ತೋಡಿದ ಗುಂಡಿಗಳೆಲ್ಲ ಬೇಕಾದ್ದಕ್ಕಿಂತ ಒಂದಡಿ ಹೆಚ್ಚು ಆಳ.

ಮೊದಲು ಅಮ್ಮನ ಮಂಚವನ್ನು ತೊಲೆಗೆ ಹಗ್ಗ ಕಟ್ಟಿ ತೂಗುಹಾಕಿದೆ. ಸಂಜೆಯದು ಬಂತು, ಮಂಚ ತೊಟ್ಟಿಲಿನಂತೆ ತೂಗಿ ಅಮ್ಮ ಉಂಡದ್ದೆಲ್ಲ ಕಾರಿಕೊಂಡಳು. ನೆಲದ ಮೇಲೆ ಮರಳು ಹರವಿ ಹಾಸಿಗೆ ಹಾಕಿದೆ. ಬೆಳಗಿನದಕ್ಕೆ ಮರಳು ಒಂದು ಮಗ್ಗುಲಿಗೆ ಜರುಗಿತು, ಅಮ್ಮನೂ ಜರುಗಿದಳು. ಎದುರುಮನೆಯ ಜಗಲಿಯಲ್ಲಿ ಕೂತು ನೋಡುತ್ತಿದ್ದ ಜಡಿಯಪ್ಪಜ್ಜ, ‘ದಪ್ಪಗೆ ಒಂದು ಗೋಡೆ ಹಾಕೋ, ತಡೀತೈತೆ’ ಎಂದು ಬುದ್ಧಿ ಹೇಳಿದ. ನೆಲದ ಮೇಲೆ ನಿಂತ ಗೋಡೆ ನೆಲ ಅಲ್ಲಾಡಿದರೆ ತಾನೂ ಅಲ್ಲಾಡದೆ ಏನು ಮಾಡುತ್ತದೆ ಎಂದು ಕೇಳಿದೆ. ಅವನು ತಾಂಬೂಲದ ಚೀಲ ಬಿಚ್ಚತೊಡಗಿದ. ಉತ್ತರ ಗೊತ್ತಿಲ್ಲದಾಗ ಅವನು ಆ ಚೀಲ ಬಿಚ್ಚುತ್ತಾನೆ.

ಆಗ ನನಗೆ ದ್ರಾಕ್ಷಿ ತೋಟ ನೆನಪಾಯಿತು. ಹಿಂದಿನ ಬೇಸಿಗೆಯಲ್ಲಿ ಹೊಳೆಯಾಚೆಯ ಸಾಹುಕಾರನೊಬ್ಬ ಊರ ಹೊರಗೆ ಜಮೀನು ಕೊಂಡು ದ್ರಾಕ್ಷಿ ಚಪ್ಪರಕ್ಕೆ ಕಲ್ಲುಕಂಬ ನೆಡಿಸಿದ. ಅವನಿಗೆ ನಮ್ಮ ಕಟ್ಟಳೆ ಗೊತ್ತಿರಲಿಲ್ಲ. ಟೇಪು ಹಿಡಿದು ನಿಂತು ಉದ್ದಕ್ಕೂ ಅಡ್ಡಕ್ಕೂ ಎಂಟಡಿಗೊಂದು ಕಂಬ ಅಂದ. ಊರಿನವರು ಯಾರೂ ಹೋಗಲಿಲ್ಲ. ಜಡಿಯಪ್ಪಜ್ಜ ಹೋಗಬೇಡ ಅಂದದ್ದಕ್ಕೇ ನಾನು ಹೋದೆ. ಕೆಲಸ ಮುಗಿದ ದಿನ ಸಾಲುಗಳ ಪಡುವಲ ಕಡೆ ಕೂತು ಬಕೆಟ್ಟಿನಲ್ಲಿ ಕೈ ತೊಳೆಯಲು ಬಗ್ಗಿದ್ದೆ. ನೀರಿನಲ್ಲಿ ನನ್ನ ಮುಖ ಕಾಣುತ್ತಿತ್ತು. ಮೂಡಲ ಬೇಲಿಯ ಮೇಲಿದ್ದ ಕಾಗೆಗಳು ಎದ್ದವು, ಎಂದರೆ ಅದು ಬಂತು. ನೀರಿನಲ್ಲಿದ್ದ ಮುಖ ಒಡೆಯಲೇ ಇಲ್ಲ. ಮರುದಿನ ಬಕೆಟ್ಟು ಹೊತ್ತುಕೊಂಡು ಒಂದೊಂದೇ ಸಾಲು ದಾಟುತ್ತಾ ನೋಡಿದೆ. ಮೊದಲ ಸಾಲಿನಲ್ಲಿ ನೀರು ಹೊರಗೆ ಚೆಲ್ಲಿತು. ಎರಡನೆಯದರಲ್ಲಿ ಅಂಚಿಗೆ ಬಡಿಯಿತು. ನಾಲ್ಕರಲ್ಲಿ ಸಣ್ಣ ಗೆರೆಗಳು. ಆರನೆಯದರ ಹಿಂದೆ ಏನೂ ಇಲ್ಲ. ಯಾರಿಗೂ ಹೇಳಲಿಲ್ಲ. ನಾನು ಹೇಳಿದ್ದನ್ನು ಯಾರು ಕೇಳಿದ್ದಾರೆ.

ಜಡಿಯಪ್ಪಜ್ಜನ ಮನೆಗೂ ನಮ್ಮ ಮನೆಗೂ ನಡುವೆ ಒಂದು ಕಣ ಇದೆ. ಅವನ ಮನೆ ಮೂಡಲಿಗೆ, ನಮ್ಮದು ಪಡುವಲಿಗೆ. ಹಿತ್ತಲಲ್ಲಿ ಒಟ್ಟಿದ್ದ ಹಳೆಯ ಕಂಬಗಳನ್ನೆಲ್ಲ ಉರುಳಿಸಿಕೊಂಡು ಬಂದು ಮೂರನೇ ದಿನ ಬೆಳಿಗ್ಗೆ ಶುರು ಮಾಡಿದೆ. ಎಂಟಡಿಗೆ ಹಾಕಿ ಅಷ್ಟು ತಡೆದರೆ ನಾಲ್ಕಡಿಗೆ ಹಾಕಿದರೆ ಎರಡರಷ್ಟು ತಡೆಯುತ್ತದೆ ಎಂದು ನನ್ನ ಲೆಕ್ಕ. ಸಾಲಿನಿಂದ ಸಾಲಿಗೆ ನಾಲ್ಕಡಿಯಂತೆ ಒಟ್ಟು ಹನ್ನೆರಡು ಸಾಲು, ಸಾಲಿನೊಳಗೆ ಮಾತ್ರ ಎಂಟೆಂಟಡಿಗೆ ಐದು ಕಲ್ಲು. ನಾಲ್ಕು ದಿನ ತೋಡಿದೆ, ನಿಂತು ತೋಡಿದೆ, ಕೂತು ತೋಡಿದೆ, ಅಪ್ಪನನ್ನು ನೆನೆದು ತೋಡಿದೆ. ಜಡಿಯಪ್ಪಜ್ಜ ಅಡ್ಡ ಬರಲಿಲ್ಲ.

‘ನೆಡ್ಲಿ ಬಿಡ್ರೋ. ಅದೇ ಬಂದು ಕಲಿಸ್ತೈತೆ’ ಎಂದು ಹೋಗಿಬರುವವರಿಗೆ ಹೇಳುತ್ತಿದ್ದ.

ಆರನೇ ದಿನ ಸಂಜೆ ಅಮ್ಮನ ಮಂಚದ ಕೆಳಗೆ ನೀರಿನ ತಟ್ಟೆ ಇಟ್ಟು ಕೂತೆ. ಅದು ಬಂತು. ತಟ್ಟೆಯ ನೀರು ಎಂದಿನಂತೆ ಕುಣಿಯಿತು. ಅಮ್ಮ ಹಲ್ಲು ಕಚ್ಚಿ ಎರಡೂ ಕೈಯಲ್ಲಿ ತೊಡೆ ಹಿಡಿದುಕೊಂಡಳು. ನಾನು ಹೊರಗೆ ಹೋಗಿ ಹಾರೆಯನ್ನು ಎಸೆದೆ. ಅದು ಎರಡು ಕಂಬಕ್ಕೆ ಬಡಿದು ಜಡಿಯಪ್ಪಜ್ಜನ ಅಂಗಳದಲ್ಲಿ ಹೋಗಿ ಬಿತ್ತು. ಅವನ ಹೆಂಡತಿ ಸಾಕಮ್ಮ, ಅಮ್ಮನ ಜೊತೆಗಾತಿ, ಅದನ್ನೆತ್ತಿ ತಂದುಕೊಟ್ಟಳು.

‘ಬಾವೀಗೆ ಎಸೀಬೇಡ ಕಣಪ್ಪ. ತೆಗೆಯೋಕೆ ಕಷ್ಟ’ ಅಂದಳು.

ಮರುದಿನ ಬಕೆಟ್ಟು, ಅಳತೆಯ ಕಡ್ಡಿ ತೆಗೆದುಕೊಂಡು ದ್ರಾಕ್ಷಿ ತೋಟಕ್ಕೆ ಹೋದೆ. ಮೂರು ಸಲ ಬರುವವರೆಗೂ ಅಲ್ಲೇ ಇದ್ದೆ. ಕಲ್ಲಿನ ದಪ್ಪ ನಮ್ಮದರಷ್ಟೇ. ಆಳವೂ ಅಷ್ಟೇ. ಮಣ್ಣೂ ಅದೇ ಕೆಂಪು ಮಣ್ಣು. ಬೇರೆ ಇದ್ದದ್ದು ಅಂತರ ಒಂದೇ. ಅದು ನೆಲದೊಳಗೆ ಬರುವಾಗ ಅದಕ್ಕೂ ಒಂದು ಹೆಜ್ಜೆ ಇದೆ. ಆ ಹೆಜ್ಜೆಗೆ ಎಂಟಡಿ ಸರಿಯಾಗಿ ಅಡ್ಡ ಬೀಳುತ್ತದೆ, ನಾಲ್ಕಡಿ ಬೀಳುವುದಿಲ್ಲ. ನಾನು ಕಲ್ಲು ಹೆಚ್ಚು ಹಾಕಿ ಕೆಡಿಸಿದ್ದೆ.

ಎಂಟನೇ ದಿನ ಬೆಳಿಗ್ಗೆಯಿಂದ ಒಂದು ಸಾಲು ಬಿಟ್ಟು ಒಂದು ಸಾಲು ಕೀಳತೊಡಗಿದೆ. ಜಡಿಯಪ್ಪಜ್ಜನ ಮುಖ ಅರಳಿತು. ಬುದ್ಧಿ ಬಂತು ಅಂದುಕೊಂಡಿರಬೇಕು. ಮಧ್ಯಾಹ್ನದ ಹೊತ್ತಿಗೆ ಉಳಿದ ಆರು ಸಾಲುಗಳನ್ನು ನೋಡಿ ಎದ್ದು ಬಂದ, ಹೆಗಲ ಮೇಲೆ ಗಂಟುಹಗ್ಗ. ಅವನ ಹಿಂದೆ ಹತ್ತು ಹದಿನೈದು ಜನ.

‘ಏನ್ಲಾ ಓಬಳೇಶ, ಇನ್ನೂ ಸಮಾನೇ ಐತಲ್ಲೋ ಇದು.’

‘ಸಮ ಐತೆ.’

‘ಇಷ್ಟು ದಿನ ಸುಮ್ನಿದ್ದೆ, ಹುಡುಗ ಸಂಕಟಕ್ಕೆ ಮಾಡ್ತಾವ್ನೆ ಅಂತ. ಈಗ ಹಗ್ಗ ಹಿಡಿದು ಸರಿಮಾಡು.’

‘ಆ ಹಗ್ಗ ತಗೊಂಡೋಗಿ ನಿನ್ನ ಎಮ್ಮೆಗೆ ಕಟ್ಟಜ್ಜ. ಅದನ್ನಾದ್ರೂ ಹಿಡಿದುಕೊಂಡಿರ್ತೈತೆ.’

ಹಿಂದಿದ್ದವರಲ್ಲಿ ಯಾರೋ ನಕ್ಕರು. ಜಡಿಯಪ್ಪಜ್ಜ ನಗಲಿಲ್ಲ, ಬೈಯಲೂ ಇಲ್ಲ. ಒಂದು ಕಂಬಕ್ಕೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತ.

‘ಸಂಜೇದು ಬರ್ಲಿ. ನಿಮ್ಮವ್ವನ ತಟ್ಟೇಲಿ ನೀರು ಅಲ್ಲಾಡಿದ್ರೆ ಈ ಕಲ್ಲೆಲ್ಲ ನೀನೇ ಕೀಳಬೇಕು. ನಾಳೆ ಬೆಳಿಗ್ಗೆ ಗಾಡಿ ನಾನೇ ಹೊಡ್ಕೊಂಡು ಹೋಗ್ತೀನಿ, ಹೊಳೆಯಾಚೆಗೆ.’

ನಾನು ಒಪ್ಪಿದೆ. ಮೂರನೇ ಸಾಲಿನ ನಡುವಿನ ಗುಂಡಿಯಲ್ಲಿ ಹಾಸುಬಂಡೆ ಸಿಕ್ಕಿ ಅಲ್ಲಿ ಕಂಬ ಹಾಕಲು ಆಗಿರಲಿಲ್ಲ. ಆ ಒಂದು ಹಲ್ಲು ಬಿದ್ದ ಜಾಗದಿಂದ ಅದು ನುಸುಳಿ ಬಂದರೆ ಏನು ಗತಿ ಎಂಬುದೇ ತಲೆಯಲ್ಲಿ ತುಂಬಿಕೊಂಡಿತ್ತು.

ದೀಪ ಹಚ್ಚುವ ಮುಂಚೆ ಜನ ನಮ್ಮ ಬಾಗಿಲಲ್ಲಿ ಕಿಕ್ಕಿರಿದರು. ಅಮ್ಮ ಸೆರಗು ಸರಿಮಾಡಿಕೊಂಡು, ಹೆಣ್ಣು ನೋಡಲು ಬಂದಿದ್ದೀರೇನ್ರಪ್ಪ ಅಂದಳು. ಜಡಿಯಪ್ಪಜ್ಜ ತಟ್ಟೆಯ ಮೇಲೆ ಬಗ್ಗಿದ. ಮೂಡಲ ಕೇರಿಯ ನಾಯಿಗಳು ಬೊಗಳಿದವು, ಕುಂಬಾರರ ಮನೆಯ ಮಡಕೆಗಳು ಗಲಗಲ ಅಂದವು, ಬಂತು. ಬಾಗಿಲಲ್ಲಿದ್ದವರೆಲ್ಲ ರೂಢಿಯಂತೆ ಮೊಣಕಾಲು ಸಡಿಲಿಸಿ ನಿಂತರು. ತಟ್ಟೆಯ ನೀರಿನಲ್ಲಿ ಜಡಿಯಪ್ಪಜ್ಜನ ಮೂಗು, ಮೀಸೆ, ಎಲ್ಲ ಇದ್ದ ಹಾಗೇ ಇದ್ದವು. ಅವನು ಬೆರಳಿಂದ ನೀರು ಮುಟ್ಟಿ ನೋಡಿದ, ನೀರು ಹೌದೋ ಅಲ್ಲವೋ ಎಂಬಂತೆ. ನೆಲ ಅಲ್ಲಾಡದೆ ತೂಕ ತಪ್ಪಿ ಇಬ್ಬರು ಗೋಡೆ ಹಿಡಿದುಕೊಂಡರು.

ಅಷ್ಟರಲ್ಲಿ ಕಣದ ಆಚೆಯಿಂದ ಪಾತ್ರೆಗಳು ಬಿದ್ದ ಸದ್ದು. ಒಂದಲ್ಲ, ಕಪಾಟು ಕಪಾಟೇ ಬಿದ್ದ ಸದ್ದು. ಸಾಕಮ್ಮ ತಲೆ ತುಂಬ ರಾಗಿಹಿಟ್ಟು ಮೆತ್ತಿಕೊಂಡು ಬಂದಳು.

‘ನಮ್ಮನೇಲಿ ಎರಡು ಸಲ ಬಂತು’ ಅಂದಳು. ‘ಹೋದದ್ದು ತಿರುಗಿ ಬಂತು.’

ಆಗ ನನಗೆ ಅರ್ಥವಾಯಿತು. ನನ್ನ ಕಲ್ಲುಗಳು ಅದನ್ನು ನುಂಗುತ್ತಿರಲಿಲ್ಲ, ತಿರುಗಿಸಿ ಕಳಿಸುತ್ತಿದ್ದವು. ದ್ರಾಕ್ಷಿ ತೋಟದ ಮೂಡಲಿಗೆ ಮನೆಯಿರಲಿಲ್ಲ, ಕಾಗೆಗಳಿದ್ದವು ಅಷ್ಟೆ.

‘ನಿಮ್ಮನೆ ಮುಂದಕ್ಕೂ ಆರು ಸಾಲು ಹಾಕ್ತೀನಿ’ ಅಂದೆ.

‘ಆಮೇಲೆ ಕುಂಬಾರ್ರ ಮನೆ ಮೇಲೆ ಹೋಗಿ ಬೀಳ್ತೈತೆ. ಅವರ ಮಡಕೆ ಯಾರು ಹಿಡ್ಕೋತಾರೆ, ನೀನಾ?’ ಅಂದ ಜಡಿಯಪ್ಪಜ್ಜ.

ನನ್ನ ಹತ್ತಿರ ಬಿಚ್ಚಲು ತಾಂಬೂಲದ ಚೀಲವೂ ಇರಲಿಲ್ಲ. ಅಮ್ಮ ಮಂಚದಿಂದಲೇ ಹೇಳಿದಳು: ‘ಕಿತ್ತಾಕು ಓಬಳೇಶ. ಸಾಕಿ ಬೆನ್ನ ಮೇಲೆ ನನ್ನ ಕಾಲು ಕೂಡೋದು ಬ್ಯಾಡ. ನಾಳೆ ಗಾಡಿ ಕಟ್ಟು.’ ಆ ಮಾತು ಹೇಳುವಾಗ ಅವಳ ದನಿ ನಡುಗುತ್ತಿತ್ತು, ನೆಲ ನಡುಗುತ್ತಿರಲಿಲ್ಲ.

ಸಾಕಮ್ಮ ತಲೆಯ ಹಿಟ್ಟು ಕೊಡವಿಕೊಂಡಳು. ‘ಸುಮ್ನಿರೇ ದುರುಗಿ. ಮೂರು ತಿಂಗಳು ತಾನೇ. ಅದು ಬರೋ ಹೊತ್ತಿಗೆ ಪಾತ್ರೆ ಪಡಗ ಎತ್ಕೊಂಡು ಇಲ್ಲಿಗೇ ಬಂದುಬಿಡ್ತೀನಿ. ಅಲ್ಲಿ ಇರೋರಿಗೆ ತಾನೇ ಎರಡು ಸಲ.’

‘ನಾನೆಲ್ಲಿರ್ಲಿ?’ ಅಂದ ಜಡಿಯಪ್ಪಜ್ಜ.

‘ನೀನು ಹಗ್ಗ ಹಿಡ್ಕೊಂಡು ಅಲ್ಲೇ ಇರು.’

ಹಾಗೆ ಶುರುವಾಯಿತು. ದಿನಕ್ಕೆ ಮೂರು ಸಲ ಸಾಕಮ್ಮ ಪುಟ್ಟಿಯಲ್ಲಿ ಮಡಕೆ ಕುಡಿಕೆ ತುಂಬಿಕೊಂಡು ಕಣ ದಾಟಿ ಬರುವಳು, ಮಂಚದ ಪಕ್ಕ ಇಳಿಸುವಳು, ಹೋಯ್ತು ಅಂದ ಮೇಲೆ ಹೊತ್ತುಕೊಂಡು ಹೋಗುವಳು. ಜಡಿಯಪ್ಪಜ್ಜ ನಾಲ್ಕು ದಿನ ತನ್ನ ಮನೆಯಲ್ಲೇ ಕೂತು ಎರಡೆರಡು ಸಲ ನಡುಗಿದ. ಐದನೇ ದಿನ ಬಂದ. ಮನೆಯೊಳಗೆ ಬರದೆ ಮೊದಲು ನನ್ನ ಸಾಲಿನ ಮೇಲೆ ಗಂಟುಹಗ್ಗ ಎಳೆದ. ಎಂಟಡಿಯ ಗಂಟು ಕಂಬದಿಂದ ಕಂಬಕ್ಕೆ ಸರಿಯಾಗಿ ಕೂತಿತು.

‘ನೋಡ್ದಾ’ ಅಂದ. ‘ನಮ್ಮ ಹಗ್ಗದ ಅಳತೇನೇ ಇದು. ಒಂದೇ ಗಂಟನ್ನ ಮತ್ತೆ ಮತ್ತೆ ಹಾಕಿದೀಯ, ಅಷ್ಟೆ.’ ಆಮೇಲೆ ಎಲ್ಲರಿಗೂ ಹಾಗೇ ಹೇಳಿಕೊಂಡು ತಿರುಗಿದ. ನನಗೆ ಮೈಯೆಲ್ಲ ಉರಿದು ಹೋಯಿತು. ಅಮ್ಮ, ಹೇಳ್ಕೊಳ್ಳಲಿ ಬಿಡು, ಒಳಗೆ ಬಂದು ಕೂತನಲ್ಲ ಅಂದಳು.

ಅವನು ಬಂದ ಮೇಲೆ ಊರೇ ಬಂತು. ಕ್ಷೌರದವನು ಅದು ಬರುವ ಹೊತ್ತಿಗೆ ಸರಿಯಾಗಿ ನಮ್ಮ ಜಗಲಿಗೆ ಗಿರಾಕಿಗಳನ್ನು ಕರೆತರುವನು. ಸೂಜಿಗೆ ದಾರ ಪೋಣಿಸುವವರು, ಕಾಲಿನ ಮುಳ್ಳು ತೆಗೆಸಿಕೊಳ್ಳುವವರು, ಎಲ್ಲರೂ ನಮ್ಮ ಹಜಾರದಲ್ಲೇ. ಕಂಬವಿಲ್ಲದೆ ಉಳಿದಿದ್ದ ಆ ಹಾಸುಬಂಡೆಯ ಜಾಗ ಇನ್ನೊಂದು ವಿಚಿತ್ರ. ಸುತ್ತಲಿನ ಕಲ್ಲುಗಳ ನಡುವೆ ನುಸುಳಿದ ನಡುಕವೆಲ್ಲ ಅಲ್ಲಿ ಬಂದು ಸಿಕ್ಕಿಕೊಂಡು ಒದ್ದಾಡುತ್ತಿತ್ತು. ಒಂದು ಮಾರು ಅಗಲದ ಜಾಗ, ಕಪ್ಪೆಯಂತೆ ಕುಪ್ಪಳಿಸುತ್ತಿತ್ತು. ಹೆಂಗಸರು ತೆಳು ಮೊಸರಿನ ಗಡಿಗೆಗಳನ್ನು ತಂದು ಅಲ್ಲಿ ಸಾಲಾಗಿ ಇಡತೊಡಗಿದರು. ಕಡೆಗೋಲು ಮುಟ್ಟದೆ ಬೆಣ್ಣೆ ತೇಲುತ್ತಿತ್ತು. ಮೌಲಾಸಾಬರು ಬಂದು ಕಾಲು ಮುಟ್ಟಿ ನೋಡಿ, ಅಂಟ್ತಾ ಐತೆ ಅನ್ನುವರು, ಒಂದು ಉಂಡೆ ಬೆಣ್ಣೆ ತಿಂದು ಹೋಗುವರು. ನನಗೆ ಮಾತ್ರ ನನ್ನ ಮನೆಯಲ್ಲೇ ಕಾಲು ಚಾಚಲು ಜಾಗವಿರಲಿಲ್ಲ. ಹಾಗೆಂದು ದಿನವೂ ಗೊಣಗುತ್ತಿದ್ದೆ. ಗೊಣಗುತ್ತಲೇ ಬಂದವರಿಗೆ ಚಾಪೆ ಹಾಸುತ್ತಿದ್ದೆ.

ಎರಡನೇ ತಿಂಗಳಲ್ಲಿ ಒಂದು ಮಧ್ಯಾಹ್ನ ಅಪ್ಪ ಬಂದ. ಕಲ್ಲುಸಾಲಿನ ನಡುವೆ ನಿಂತಿದ್ದ, ತಲೆಗೂದಲು ಬಿಳಿಯಾಗಿತ್ತು. ಆರು ವರ್ಷದಿಂದ ಅವನಿಗೆ ಹೇಳಬೇಕೆಂದು ಇಟ್ಟುಕೊಂಡದ್ದೆಲ್ಲ ನಾಲಿಗೆ ತುದಿಗೆ ಬಂತು.

‘ನೀನು ನೆಟ್ಟಿದ್ದಾ?’ ಅಂದ.

‘ಹೂಂ.’

‘ಸಮ ನೆಟ್ಟಿದೀಯ.’

‘ಹೂಂ.’

ಅವನು ಒಂದು ಕಂಬ ಅಲ್ಲಾಡಿಸಿ ನೋಡಿದ. ಅದು ಅಲ್ಲಾಡಲಿಲ್ಲ. ಅದರ ಗುಂಡಿ ಒಂದಡಿ ಹೆಚ್ಚೇ ಆಳ ಎಂದು ಅವನಿಗೆ ಹೇಳಲಿಲ್ಲ. ಒಳಗಿಂದ ಅಮ್ಮ, ‘ಊಟ ಆಗೈತಾ ಕೇಳೋ’ ಅಂದಳು. ಅವನು ಆಗಿದೆ ಎಂದು ಅಲ್ಲಿಂದಲೇ ಹೇಳಿ, ಹೊಸಿಲಿನವರೆಗೂ ಬಾರದೆ ಹೊರಟುಹೋದ. ಆ ಹೊತ್ತಿಗೆ ನಮ್ಮ ಹಜಾರದಲ್ಲಿ ಹದಿನಾರು ಜನ ಇದ್ದರು, ಅವರಲ್ಲಿ ಒಬ್ಬನೂ ಒಳ್ಳೆ ಮನುಷ್ಯ ಅನ್ನಲಿಲ್ಲ. ನನಗೆ ಅಷ್ಟೇ ಸಾಕಾಗಿತ್ತು.

ತೊಂಬತ್ತೆರಡನೇ ದಿನ ಸಂಜೆ ಮೌಲಾಸಾಬರು ದಬ್ಬೆ ಬಿಚ್ಚಿದರು. ಕಾಲು ಸಣಕಲಾಗಿತ್ತು, ನೆಟ್ಟಗಿತ್ತು. ಅವರು ಬೆರಳಿನ ಗೆಣ್ಣಿನಿಂದ ಮೊಣಕಾಲಿನ ಕೆಳಗೆ ಬಡಿದು ಕಿವಿಯಿಟ್ಟು ಕೇಳಿದರು. ‘ಒಂದೇ ಮೂಳೆ’ ಅಂದರು. ‘ಈ ಊರಲ್ಲಿ ಕೂಡಿದ ಮೊದಲನೇದು.’ ಅಮ್ಮ ನನ್ನ ಹೆಗಲು ಹಿಡಿದು ಎದ್ದಳು, ಹಜಾರದಲ್ಲಿ ಎರಡು ಸುತ್ತು ಹಾಕಿದಳು, ಹೆಗಲು ಬಿಟ್ಟಳು. ನಾನು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ಬರುವಷ್ಟರಲ್ಲಿ ಅವಳು ಹಜಾರದಲ್ಲಿರಲಿಲ್ಲ. ಕಣದಲ್ಲಿ ಕಂಬದಿಂದ ಕಂಬಕ್ಕೆ ಕೈಯೂರಿಕೊಂಡು ಮೂಡಲಿಗೆ ಹೋಗುತ್ತಿದ್ದಳು.

‘ಎಲ್ಲಿಗಮ್ಮ? ಅದು ಬರೋ ಹೊತ್ತು.’

‘ಗೊತ್ತು.’

‘ಅಲ್ಲಿ ಎರಡು ಸಲ ಬರ್ತೈತೆ. ಕಾಲು ಇನ್ನೂ ಹಸೀದು. ತಿರುಗಿ ಬಾ.’

‘ಮೂರು ತಿಂಗಳು ದಿನಕ್ಕೆ ಮೂರು ಸಲ ಅವಳು ಬಂದವ್ಳೆ. ನಾನು ಒಂದು ಸಲ ಹೋಗಬೇಡ್ವಾ?’

ನಾನು ಓಡಿಹೋಗಿ ಎತ್ತಿಕೊಂಡೇ ಬರುತ್ತಿದ್ದೆ. ನಮ್ಮ ಜಗಲಿಯಲ್ಲಿದ್ದ ಜಡಿಯಪ್ಪಜ್ಜ ನನ್ನ ಅಂಗಿ ಹಿಡಿದು ಎಳೆದ.

‘ಕೂತ್ಕೊಳೋ. ಕೂಡೈತೋ ಇಲ್ವೋ ಅವಳಿಗೂ ಗೊತ್ತಾಗ್ಬೇಕಲ್ಲ.’

ಕೂತೆ. ಮೊದಲ ಸಾಲನ್ನೂ ದಾಟಿ ಅಮ್ಮ ಸಾಕಮ್ಮನ ಬಾಗಿಲು ಮುಟ್ಟಿದಳು. ಪುಟ್ಟಿ ಹೊತ್ತು ಹೊರಡುತ್ತಿದ್ದ ಸಾಕಮ್ಮ ಅವಳನ್ನು ಕಂಡು ಪುಟ್ಟಿಯನ್ನು ಅಲ್ಲೇ ಇಳಿಸಿದಳು. ನಾಯಿಗಳು ಬೊಗಳಿದವು. ನಮ್ಮ ಜಗಲಿಯಲ್ಲಿ ಒಂದು ಹುಲ್ಲುಕಡ್ಡಿಯೂ ಅಲ್ಲಾಡಲಿಲ್ಲ. ಆಚೆ ಆ ಮನೆಯ ಹೆಂಚುಗಳು ಕುಣಿದವು, ಬಾಗಿಲು ತಾನೇ ತೆರೆದು ಮುಚ್ಚಿತು, ಪುಟ್ಟಿಯಿಂದ ಒಂದು ಮಡಕೆ ಹಾರಿ ಬಿದ್ದು ಒಡೆಯಿತು. ಒಮ್ಮೆ ಹೋದದ್ದು ನನ್ನ ಕಲ್ಲಿಗೆ ಬಡಿದು ತಿರುಗಿ ಇನ್ನೊಮ್ಮೆ ಬಂತು. ಇಬ್ಬರೂ ಹೊಸಿಲ ಮೇಲೆ ನಿಂತಿದ್ದರು. ಏನೋ ಮಾತಾಡಿಕೊಳ್ಳುತ್ತಿದ್ದರು, ನನಗೆ ಕೇಳಿಸುತ್ತಿರಲಿಲ್ಲ. ಅಮ್ಮನ ಕೈ ಬಾಗಿಲ ಚೌಕಟ್ಟಿನ ಮೇಲೆ ಇರಬಹುದೆಂದು ಕತ್ತು ಉದ್ದ ಮಾಡಿ ನೋಡಿದೆ. ಅಮ್ಮ ಏನನ್ನೂ ಹಿಡಿದಿರಲಿಲ್ಲ. ಸಾಕಮ್ಮ ಅಮ್ಮನನ್ನು ಹಿಡಿದುಕೊಂಡಿದ್ದಳು.